ಹಾರುವ ಜಾಲಕ್ಕೆ ಬ್ಯಾಟ್‌ಮ್ಯಾನ್ ಅಡ್ವಾನ್ಸ್ಡ್: ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು

ಹಲವು ಡ್ರೋನ್‌ಗಳನ್ನು ಒಟ್ಟಿಗೆ ಹಾರಿಸಿ, ಒಂದರ ಮೂಲಕ ಇನ್ನೊಂದಕ್ಕೆ ಮಾಹಿತಿ ದಾಟಿಸಬೇಕೆಂದು ಹೊರಟವರ ಕೈಗೆ ಬೇಗನೆ ಸಿಗುವ ಉಚಿತ ಸಾಧನಗಳಲ್ಲಿ ಬ್ಯಾಟ್‌ಮ್ಯಾನ್ ಅಡ್ವಾನ್ಸ್ಡ್ ಮುಖ್ಯವಾದದ್ದು. ಇದು ಲಿನಕ್ಸ್ ಕರ್ನಲ್‌ನೊಳಗೇ (ಆ ಕಾರ್ಯಾಚರಣ ವ್ಯವಸ್ಥೆಯ ತಿರುಳಿನೊಳಗೇ) ಕುಳಿತಿರುವ ಮೆಶ್ ರೂಟಿಂಗ್ ಮಾಡ್ಯೂಲ್, ಅಂದರೆ ಸಾಧನಗಳು ಒಂದರ ಮೂಲಕ ಇನ್ನೊಂದಕ್ಕೆ ಮಾಹಿತಿ ದಾಟಿಸುವಾಗ ದಾರಿ ಆರಿಸುವ ಭಾಗ. 2011ರಲ್ಲಿ ಬಿಡುಗಡೆಯಾದ 2.6.38ನೆಯ ಆವೃತ್ತಿಯಿಂದ ಅಧಿಕೃತ ಕರ್ನಲ್‌ನ ಭಾಗವಾಗಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಆಕಾಶದಲ್ಲಿ ಒಂದೆಡೆ ನಿಲ್ಲುವ ಅಥವಾ ನಿಧಾನವಾಗಿ ಚಲಿಸುವ ಕೆಲವೇ ಡ್ರೋನ್‌ಗಳ ರಿಲೇ ಜಾಲಕ್ಕೆ ಇದಕ್ಕಿಂತ ಒಳ್ಳೆಯ ಉಚಿತ ತಂತ್ರಾಂಶವನ್ನು ನಾನು ಕಂಡಿಲ್ಲ. ಆದರೆ ಕ್ಷಣಕ್ಷಣಕ್ಕೂ ಸ್ಥಾನ ಬದಲಿಸುವ ದೊಡ್ಡ ಗುಂಪನ್ನು ಇದರ ಮೂಲ ಹೊಂದಾಣಿಕೆಗಳಿಗೆ ಒಪ್ಪಿಸಿ ಹಾರಿಸುವುದು ಅಪಾಯಕಾರಿ. ಏಕೆ ಹೀಗೆ ಎಂಬುದಕ್ಕೆ ಉತ್ತರ ಈ ತಂತ್ರಾಂಶದ ಹುಟ್ಟಿನಲ್ಲೇ ಇದೆ.

ಜರ್ಮನಿಯ ಫ್ರೈಫುಂಕ್ ಎಂಬ ಸಮುದಾಯ ಜಾಲದ ಉತ್ಸಾಹಿಗಳು 2006ರ ಸುಮಾರಿಗೆ ಈ ಪ್ರೊಟೋಕಾಲ್ ರೂಪಿಸತೊಡಗಿದರು. ಅವರ ಜಾಲ ಕಟ್ಟಡಗಳ ಮಾಳಿಗೆ, ಕಿಟಕಿಗಳಲ್ಲಿಟ್ಟ ಅಗ್ಗದ ವೈ-ಫೈ ರೂಟರ್‌ಗಳದ್ದು. ಅದುವರೆಗೆ ಅವರು ಬಳಸುತ್ತಿದ್ದ ಒಎಲ್‌ಎಸ್‌ಆರ್ ಪದ್ಧತಿಯಲ್ಲಿ ಪ್ರತಿಯೊಂದು ರೂಟರ್ ಇಡೀ ಜಾಲದ ನಕಾಶೆಯನ್ನು ತನ್ನೊಳಗೆ ಇಟ್ಟುಕೊಂಡು, ದಾರಿಯನ್ನು ತಾನೇ ಲೆಕ್ಕ ಹಾಕಬೇಕಿತ್ತು. ಜಾಲ ಬೆಳೆದಂತೆ ಅಗ್ಗದ ರೂಟರ್‌ಗಳ ಪ್ರೊಸೆಸರ್‌ಗೆ ಆ ಲೆಕ್ಕ ಭಾರವಾಯಿತು; ಒಂದು ರೂಟರ್‌ನ ನಕಾಶೆಗೂ ಇನ್ನೊಂದರ ನಕಾಶೆಗೂ ತಾಳೆಯಾಗದಿದ್ದಾಗ ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ತುಣುಕುಗಳು, ಸುತ್ತು ಹೊಡೆಯುವ ತೊಂದರೆಯೂ ಇತ್ತು. ಬ್ಯಾಟ್‌ಮ್ಯಾನ್ ನಕಾಶೆಯನ್ನೇ ಕೈಬಿಟ್ಟಿತು. ಇಲ್ಲಿ ಯಾವ ನೋಡ್‌ಗೂ, ಅಂದರೆ ಜಾಲದ ಯಾವ ಸಾಧನಕ್ಕೂ, ಇಡೀ ಜಾಲದ ಆಕಾರ ತಿಳಿದಿರುವುದಿಲ್ಲ. ದೂರದ ಪ್ರತಿ ನೋಡ್ ತಲುಪಲು ತನ್ನ ನೆರೆಯವರಲ್ಲಿ ಯಾರಿಗೆ ಪ್ಯಾಕೆಟ್ ಕೊಟ್ಟರೆ ಒಳ್ಳೆಯದು ಎಂಬುದಷ್ಟೇ ತಿಳಿದಿರುತ್ತದೆ. ಗೊತ್ತಿಲ್ಲದ ಊರಿಗೆ ಹೊರಟವನು ಪ್ರತಿ ಕೂಡುರಸ್ತೆಯಲ್ಲಿ ಮುಂದಿನ ತಿರುವನ್ನಷ್ಟೇ ಕೇಳಿಕೊಂಡು ಹೋಗುವ ರೀತಿ ಇದು.

ಡ್ರೋನ್ ಜಾಲಕ್ಕೆ ಈ ಗುಣ ಮೊದಲ ನೋಟದಲ್ಲಿ ಹೇಳಿ ಮಾಡಿಸಿದಂತೆ ಕಾಣುತ್ತದೆ. ಹಾರುವ ನೋಡ್‌ಗಳ ನಕಾಶೆ ಬರೆದು ಮುಗಿಸುವಷ್ಟರಲ್ಲಿ ಹಳತಾಗಿರುತ್ತದೆ, ಹಾಗಾಗಿ ನಕಾಶೆಯೇ ಬೇಡವೆನ್ನುವ ಪದ್ಧತಿ ಮೇಲಲ್ಲವೇ? ಅರ್ಧ ನಿಜ. ಉಳಿದರ್ಧಕ್ಕೆ ಬರುವ ಮೊದಲು, ಇದು ಬಳಕೆದಾರನಿಗೆ ಕೊಡುವ ದೊಡ್ಡ ಅನುಕೂಲವೊಂದನ್ನು ಮೆಚ್ಚಲೇಬೇಕು. ಈ ಮಾಡ್ಯೂಲ್ ಐಪಿ ವಿಳಾಸಗಳ ಮಟ್ಟದಲ್ಲಿ ಕೆಲಸ ಮಾಡದೆ, ಅದರ ಕೆಳಗಿನ ಎರಡನೆಯ ಪದರದಲ್ಲಿ, ಅಂದರೆ ವೈ-ಫೈ ಯಂತ್ರಾಂಶಗಳಿಗೇ ಇರುವ ಮ್ಯಾಕ್ ವಿಳಾಸಗಳ ಮಟ್ಟದಲ್ಲಿ ಕೆಲಸ ಮಾಡುತ್ತದೆ. ವೈ-ಫೈ ಇಂಟರ್‌ಫೇಸನ್ನು ಇದಕ್ಕೆ ಒಪ್ಪಿಸಿದೊಡನೆ ಬ್ಯಾಟ್-ಸೊನ್ನೆ ಎಂಬ ಹೊಸ ಇಂಟರ್‌ಫೇಸ್ ಹುಟ್ಟುತ್ತದೆ. ಅಲ್ಲಿಂದ ಮೇಲಿನ ತಂತ್ರಾಂಶಗಳ ಪಾಲಿಗೆ ಆಕಾಶದಲ್ಲಿರುವ ಎಲ್ಲ ಡ್ರೋನ್‌ಗಳೂ ನೆಲದ ಲ್ಯಾಪ್‌ಟಾಪೂ ಒಂದೇ ಈಥರ್ನೆಟ್ ಸ್ವಿಚ್‌ಗೆ ತಂತಿ ಸಿಕ್ಕಿಸಿಕೊಂಡು ಕುಳಿತಂತೆಯೇ ಕಾಣುತ್ತವೆ. ಡ್ರೋನ್ ನೇರವಾಗಿ ಮಾತಾಡುತ್ತಿದ್ದರೂ ಎರಡು ರಿಲೇಗಳ ಹಿಂದೆ ಸರಿದಿದ್ದರೂ ಅದರ ಐಪಿ ವಿಳಾಸ ಬದಲಾಗುವುದಿಲ್ಲ. ಆರ್ಡುಪೈಲಟ್ ಅಥವಾ ಪಿಎಕ್ಸ್4 ಎಂಬ ಹಾರಾಟ ನಿಯಂತ್ರಣ ತಂತ್ರಾಂಶ ಓಡಿಸುವ ಫ್ಲೈಟ್ ಕಂಟ್ರೋಲರ್‌ನಿಂದ ಹೊರಟ, ಡ್ರೋನ್ ಮತ್ತು ನೆಲದ ನಡುವಿನ ಸಂವಾದಕ್ಕೆ ಬಳಸುವ ಮ್ಯಾವ್‌ಲಿಂಕ್ ಸಂದೇಶ, ಅದರ ಪಕ್ಕದ ಪುಟ್ಟ ಲಿನಕ್ಸ್ ಕಂಪ್ಯೂಟರ್ ದಾಟಿ, ನೆಲದ ನಿಯಂತ್ರಣ ತಂತ್ರಾಂಶವಾದ ಕ್ಯೂಗ್ರೌಂಡ್‌ಕಂಟ್ರೋಲ್ ಕಾದು ಕುಳಿತಿರುವ 14550ನೆಯ ಯುಡಿಪಿ ಪೋರ್ಟ್ ತಲುಪುತ್ತದೆ. ನಡುವೆ ದಾರಿ ಬದಲಾದದ್ದು ಈ ಎರಡು ತುದಿಗಳಿಗೂ ಗೊತ್ತಾಗುವುದಿಲ್ಲ. ಪ್ರತಿ ಡ್ರೋನ್‌ಗೂ ಬೇರೆ ಬೇರೆ ಸಿಸ್ಟಮ್ ಸಂಖ್ಯೆ ಕೊಟ್ಟಿದ್ದರೆ ಸಾಕು.

ಇದಕ್ಕೆ ತೆರಬೇಕಾದ ಬೆಲೆ ಚಿಕ್ಕದು. ಪ್ರತಿ ಪ್ಯಾಕೆಟ್‌ಗೆ 32 ಬೈಟ್‌ವರೆಗಿನ ಹೆಚ್ಚುವರಿ ತಲೆಬರಹ ಸೇರುವುದರಿಂದ ವೈ-ಫೈ ಇಂಟರ್‌ಫೇಸಿನ ಎಂಟಿಯು ಮಿತಿಯನ್ನು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರವನ್ನು) 1532ಕ್ಕೆ ಏರಿಸಿಕೊಳ್ಳಬೇಕು. ಇಲ್ಲವಾದರೆ ದೊಡ್ಡ ಪ್ಯಾಕೆಟ್‌ಗಳು ತುಂಡಾಗಿ ಸಾಗುತ್ತವೆ. ಪ್ಯಾಕೆಟ್ ಹಾದುಹೋದ ದಾರಿ ತೋರಿಸುವ ಸಾಮಾನ್ಯ ಟ್ರೇಸ್‌ರೂಟ್ ಈ ಜಾಲದಲ್ಲಿ ಎಲ್ಲವನ್ನೂ ಒಂದೇ ಹಾಪ್ (ಒಂದೇ ಜಿಗಿತ) ಎಂದು ತೋರಿಸುವುದರಿಂದ ದಾರಿ ಪರೀಕ್ಷೆಗೆ ಬ್ಯಾಟ್‌ಸಿಟಿಎಲ್ ಎಂಬ ಜೊತೆ ಸಾಧನವನ್ನು ಕಲಿಯಬೇಕು. ಕಲಿಯುವುದು ಕಷ್ಟವಲ್ಲ: ನೆರೆಯವರ ಪಟ್ಟಿ, ದೂರದ ನೋಡ್‌ಗಳ ಪಟ್ಟಿ, ಎರಡನೆಯ ಪದರದ ಪಿಂಗ್ ಮತ್ತು ಟ್ರೇಸ್‌ರೂಟ್, ಎರಡು ನೋಡ್‌ಗಳ ನಡುವಿನ ನಿಜವಾದ ವೇಗ ಅಳೆಯುವ ಮೀಟರ್, ಎಲ್ಲವೂ ಅದರಲ್ಲೇ ಇವೆ. ಜಾಲದ ತಂತ್ರಾಂಶಗಳಲ್ಲಿ ಇಷ್ಟು ಅಚ್ಚುಕಟ್ಟಾದ ಪರೀಕ್ಷಾ ಸಾಧನ ಅಪರೂಪ.

ಇನ್ನು ಹಾರಾಟಕ್ಕೆ ಬರೋಣ. ಮೂಲ ಹೊಂದಾಣಿಕೆಯಲ್ಲಿ ಪ್ರತಿ ನೋಡ್ ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎನ್ನುವ ಒರಿಜಿನೇಟರ್ ಸಂದೇಶವನ್ನು ಪ್ರಸಾರ ಮಾಡುತ್ತದೆ, ಕೇಳಿಸಿಕೊಂಡವರು ಅದನ್ನು ಮತ್ತೆ ಪ್ರಸಾರ ಮಾಡುತ್ತಾರೆ. ಪೂರ್ವನಿಯೋಜಿತವಾಗಿ ಬರುವ, ಬ್ಯಾಟ್‌ಮ್ಯಾನ್‌ನ ನಾಲ್ಕನೆಯ ಅಲ್ಗಾರಿದಮ್‌ನಲ್ಲಿ ಒಬ್ಬ ನೆರೆಯವನಿಂದ ಇತ್ತೀಚಿನ 64 ಸಂದೇಶಗಳಲ್ಲಿ ಎಷ್ಟು ಬಂದವು ಎಂಬುದರ ಆಧಾರದಲ್ಲಿ ಆ ಕೊಂಡಿಗೆ 0ಯಿಂದ 255ರವರೆಗಿನ ಗುಣಾಂಕ ಸಿಗುತ್ತದೆ. ಮಾಳಿಗೆಯ ಮೇಲಿನ ರೂಟರ್‌ಗೆ ಇದು ಅತ್ಯುತ್ತಮ ಅಳತೆ. ಲಾರಿ ಅಡ್ಡ ಬಂದು ಹೋದರೆ ದಾರಿ ಬದಲಾಗಬಾರದು, ಗೋಡೆ ಎದ್ದರೆ ಬದಲಾಗಬೇಕು, ಅಷ್ಟೇ. ಡ್ರೋನ್‌ಗೆ ಇದೇ ಲೆಕ್ಕವನ್ನು ಅನ್ವಯಿಸಿ ನೋಡಿ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಸಾಗುವ ಡ್ರೋನ್, 64 ಸೆಕೆಂಡುಗಳ ನೆನಪು ಪೂರ್ತಿ ಹೊಸದಾಗುವಷ್ಟರಲ್ಲಿ 960 ಮೀಟರ್ ದೂರ ಹೋಗಿರುತ್ತದೆ. ಗುಣಾಂಕ ಹೇಳುವುದು ಅದು ಈಗ ಇರುವ ಜಾಗದ ಕಥೆಯಲ್ಲ, ಅದು ಹಾದು ಬಂದ ದಾರಿಯ ಸರಾಸರಿ. ಹೊಸ ರಿಲೇ ಒಳ್ಳೆಯದೆಂದು ಸಾಬೀತಾಗುವುದಕ್ಕೂ ಹಳೆಯದು ಕೆಟ್ಟಿತೆಂದು ಒಪ್ಪಿಕೊಳ್ಳುವುದಕ್ಕೂ ಇದೇ ಕಾರಣದಿಂದ ಹಲವು ಸೆಕೆಂಡುಗಳು ಹಿಡಿಯುತ್ತವೆ, ಮತ್ತು ಆ ಸೆಕೆಂಡುಗಳಲ್ಲಿ ಪ್ಯಾಕೆಟ್‌ಗಳು ಯಾರೂ ಇಲ್ಲದ ದಿಕ್ಕಿಗೆ ಹೋಗುತ್ತಿರುತ್ತವೆ.

ಸಂದೇಶದ ಅಂತರವನ್ನು 250 ಮಿಲಿಸೆಕೆಂಡಿಗೆ ಇಳಿಸಿದರೆ ಅದೇ ನೆನಪು 16 ಸೆಕೆಂಡಿಗೆ, ಅಂದರೆ 240 ಮೀಟರಿಗೆ ಕುಗ್ಗುತ್ತದೆ. ಬದಲಾಗುವ ಜಾಲಕ್ಕೆ ನಾನು ಮಾಡುವ ಮೊದಲ ತಿದ್ದುಪಡಿಯೇ ಇದು. ಆದರೆ ಇದನ್ನು ಮನಸ್ಸಿಗೆ ಬಂದಷ್ಟು ಇಳಿಸುವಂತಿಲ್ಲ. ಪ್ರತಿಯೊಬ್ಬರ ಸಂದೇಶವನ್ನು ಉಳಿದವರೂ ಮರುಪ್ರಸಾರ ಮಾಡುವುದರಿಂದ ಒಟ್ಟು ಪ್ರಸಾರಗಳು ನೋಡ್‌ಗಳ ಸಂಖ್ಯೆಯ ವರ್ಗಕ್ಕೆ ಹತ್ತಿರದಲ್ಲಿ ಬೆಳೆಯುತ್ತವೆ: 10 ನೋಡ್‌ಗಳಿಗೆ ಒಂದು ಸುತ್ತಿಗೆ 100ರಷ್ಟು, 30 ನೋಡ್‌ಗಳಿಗೆ 900ರಷ್ಟು, ಅದನ್ನೂ ಸೆಕೆಂಡಿಗೆ ನಾಲ್ಕು ಬಾರಿ ಮಾಡಿದರೆ 3600ರಷ್ಟು. ಹಲವು ಸಂದೇಶಗಳನ್ನು ಒಂದೇ ಫ್ರೇಮಿನಲ್ಲಿ ಕಟ್ಟಿ ಕಳುಹಿಸುವ ವ್ಯವಸ್ಥೆ ಇರುವುದರಿಂದ ನಿಜವಾದ ಫ್ರೇಮ್‌ಗಳು ಇದಕ್ಕಿಂತ ಕಡಿಮೆ ಎನ್ನುವುದು ಸಮಾಧಾನ. ಬೆಳವಣಿಗೆಯ ರೀತಿ ಮಾತ್ರ ಅದೇ. ಹತ್ತರೊಳಗಿನ ಗುಂಪಿಗೆ ಇದು ನಿರ್ಲಕ್ಷಿಸಬಹುದಾದ ಹೊರೆ, ಮೂವತ್ತನ್ನು ಮುಟ್ಟಿದಾಗ ಹಾಗಲ್ಲ.

ಪ್ರಸಾರದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ, ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ವೈ-ಫೈನಲ್ಲಿ ಎಲ್ಲರಿಗೂ ಒಟ್ಟಿಗೆ ಹೋಗುವ ಫ್ರೇಮ್‌ಗಳು ಸಾಮಾನ್ಯವಾಗಿ ಅತಿ ಕಡಿಮೆ ವೇಗದಲ್ಲಿ ಹೋಗುತ್ತವೆ: 2.4 ಗಿಗಾಹರ್ಟ್ಸ್‌ನಲ್ಲಿ 1 ಎಂಬಿಪಿಎಸ್, 5 ಗಿಗಾಹರ್ಟ್ಸ್‌ನಲ್ಲಿ 6 ಎಂಬಿಪಿಎಸ್. ಕಡಿಮೆ ವೇಗದ ಫ್ರೇಮ್ ಹೆಚ್ಚು ದೂರ ಕೇಳಿಸುತ್ತದೆ. ಹಾಗಾಗಿ ಒರಿಜಿನೇಟರ್ ಸಂದೇಶ ಚೆನ್ನಾಗಿ ದಾಟುವ ಕೊಂಡಿಯಲ್ಲಿ ವಿಡಿಯೋ ದಾಟುತ್ತದೆ ಎಂಬ ಭರವಸೆ ಇಲ್ಲ. ಅಲ್ಗಾರಿದಮ್ ಮಾತ್ರ ಆ ದೂರದ ದುರ್ಬಲ ಕೊಂಡಿಗೂ ಒಳ್ಳೆಯ ಅಂಕ ಕೊಟ್ಟು, ಹತ್ತಿರದ ರಿಲೇಯನ್ನು ಪಕ್ಕಕ್ಕಿಟ್ಟು ನೇರ ದಾರಿಯನ್ನೇ ಆರಿಸುತ್ತದೆ. ಪ್ರಸಾರದ ವೇಗವನ್ನು ಕೈಯಾರೆ 12 ಅಥವಾ 18 ಎಂಬಿಪಿಎಸ್‌ಗೆ ಏರಿಸಿಟ್ಟರೆ, ದತ್ತಾಂಶ ಹೊರಲಾರದ ಕೊಂಡಿಗಳಲ್ಲಿ ಒರಿಜಿನೇಟರ್ ಸಂದೇಶವೂ ಬೀಳತೊಡಗಿ ಆಯ್ಕೆ ಸರಿದಾರಿಗೆ ಬರುತ್ತದೆ. ಇದು ವೈ-ಫೈ ಇಂಟರ್‌ಫೇಸಿನ ಹೊಂದಾಣಿಕೆ, ಬ್ಯಾಟ್‌ಮ್ಯಾನ್‌ನದ್ದಲ್ಲ. ಅದಕ್ಕೇ ಎಷ್ಟೋ ಜನ ಇದನ್ನು ಹುಡುಕಿ ನೋಡುವುದಿಲ್ಲ. ಟೆಲಿಮೆಟ್ರಿಯನ್ನು (ಡ್ರೋನ್‌ನ ಸ್ಥಿತಿಗತಿಯ ಮಾಹಿತಿಯನ್ನು) ಎಲ್ಲರಿಗೂ ಹೋಗುವ ಬ್ರಾಡ್‌ಕಾಸ್ಟ್ ವಿಳಾಸಕ್ಕೆ ಕಳುಹಿಸುವ ಅಭ್ಯಾಸವನ್ನೂ ಬಿಡಬೇಕು. ಪ್ರಸಾರ ಪ್ಯಾಕೆಟ್ ದಾರಿಯಲ್ಲಿ ಕಳೆದುಹೋಗಬಾರದೆಂದು ಬ್ಯಾಟ್‌ಮ್ಯಾನ್ ಅದನ್ನು ನಿಸ್ತಂತು ಇಂಟರ್‌ಫೇಸಿನಲ್ಲಿ ಮೂರು ಬಾರಿ ಕಳುಹಿಸುತ್ತದೆ. ಹತ್ತು ನೋಡ್‌ಗಳ ಜಾಲದಲ್ಲಿ ಒಂದೇ ಪ್ಯಾಕೆಟ್ 30 ಪ್ರಸಾರಗಳವರೆಗೆ ಹಿಗ್ಗಬಹುದು, ಅದೂ ಅತಿ ನಿಧಾನದ ವೇಗದಲ್ಲಿ. ನೆಲದ ಕೇಂದ್ರದ ನಿರ್ದಿಷ್ಟ ವಿಳಾಸಕ್ಕೇ ಕಳುಹಿಸಿದರೆ ಅದೇ ಪ್ಯಾಕೆಟ್ ಹಾಪ್‌ಗೊಂದರಂತೆ ಸಾಗುತ್ತದೆ.

ಈ ಕೊರತೆಗಳು ತಯಾರಕರಿಗೆ ತಿಳಿಯದವೇನಲ್ಲ. ಮಾರೆಕ್ ಲಿಂಡ್ನರ್, ಸೈಮನ್ ವುಂಡರ್‌ಲಿಶ್, ಆಂಟೋನಿಯೊ ಕ್ವಾರ್ತುಲ್ಲಿ ಮೊದಲಾದವರು ಬೆಳೆಸಿದ ಐದನೆಯ ಅಲ್ಗಾರಿದಮ್ ಇದಕ್ಕೆ ಉತ್ತರವಾಗಿಯೇ ಬಂದಿತು. ಅದರಲ್ಲಿ ಎರಡು ಒಳ್ಳೆಯ ಬದಲಾವಣೆಗಳಿವೆ. ನೆರೆಯವರನ್ನು ಗುರುತಿಸುವ ಕೆಲಸವನ್ನು ಜಾಲವಿಡೀ ಹರಡುವ ಸಂದೇಶದಿಂದ ಬೇರ್ಪಡಿಸಿ, 500 ಮಿಲಿಸೆಕೆಂಡಿಗೊಮ್ಮೆ ಹೊರಡುವ, ನೆರೆಯಾಚೆಗೆ ಮರುಪ್ರಸಾರವಾಗದ ಪುಟ್ಟ ಸಂದೇಶಕ್ಕೆ ಒಪ್ಪಿಸಲಾಗಿದೆ. ಹಾಗಾಗಿ ಇದರ ಅಂತರವನ್ನು ಇಳಿಸಿದರೆ ಇಡೀ ಜಾಲದ ಮೇಲೆ ಹೊರೆ ಬೀಳುವುದಿಲ್ಲ. ಎರಡನೆಯದಾಗಿ, ಕೊಂಡಿಯ ಅಳತೆ ಈಗ ಬಿದ್ದ ಪ್ಯಾಕೆಟ್‌ಗಳ ಎಣಿಕೆಯಲ್ಲ, ಆ ಕೊಂಡಿಯಲ್ಲಿ ನಿರೀಕ್ಷಿಸಬಹುದಾದ ವೇಗ. ದಾರಿಯ ವೇಗವೆಂದರೆ ಅದರ ಅತಿ ದುರ್ಬಲ ಕೊಂಡಿಯ ವೇಗ, ಮತ್ತು ಒಂದೇ ವೈ-ಫೈ ಇಂಟರ್‌ಫೇಸಿನಲ್ಲಿ ಕೇಳಿ ಅದರಲ್ಲೇ ಮುಂದೆ ಕಳುಹಿಸುವ ರಿಲೇಯಲ್ಲಿ ಆ ವೇಗವನ್ನು ಅರ್ಧಕ್ಕಿಳಿಸಿ ಲೆಕ್ಕ ಹಿಡಿಯಲಾಗುತ್ತದೆ. ಒಂದೇ ಚಾನೆಲ್‌ನಲ್ಲಿ ರಿಲೇ ಏಕಕಾಲಕ್ಕೆ ಕೇಳಿ ಹೇಳಲಾರದು ಎಂಬ ನಿಜವನ್ನು ಲೆಕ್ಕಕ್ಕೆ ತೆಗೆದುಕೊಂಡ ಈ ವಿವೇಕ ನನಗೆ ಬಹಳ ಹಿಡಿಸಿತು.

ಆದರೆ ಆ ವೇಗದ ಅಂಕಿಯನ್ನು ಬ್ಯಾಟ್‌ಮ್ಯಾನ್ ಪಡೆಯುವುದು ವೈ-ಫೈ ಡ್ರೈವರ್‌ನಿಂದ. ಡ್ರೈವರ್ ಹೇಳದಿದ್ದರೆ? ಆಗ ಮಾಡ್ಯೂಲ್ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರೆದು, ಆ ಇಂಟರ್‌ಫೇಸಿನ ಎಲ್ಲ ಕೊಂಡಿಗಳನ್ನೂ 1 ಎಂಬಿಪಿಎಸ್ ಎಂದು ಭಾವಿಸುತ್ತದೆ. ಪರಿಣಾಮವನ್ನು ಯೋಚಿಸಿ. ಉಸಿರು ಹಿಡಿದು ನಿಂತಿರುವ ನೇರ ಕೊಂಡಿಗೂ 1, ಗಟ್ಟಿಮುಟ್ಟಾದ ಎರಡು ಕೊಂಡಿಗಳ ರಿಲೇ ದಾರಿಗೆ ಅರ್ಧ. ದುರ್ಬಲ ಕೊಂಡಿ ಪೂರ್ತಿ ಸಾಯುವವರೆಗೂ ಅದೇ ಗೆಲ್ಲುತ್ತದೆ. ಅಂದರೆ ಸರಿಯಾದ ಡ್ರೈವರ್ ಇಲ್ಲದ ಐದನೆಯ ಅಲ್ಗಾರಿದಮ್ ನಾಲ್ಕನೆಯದಕ್ಕಿಂತಲೂ ಕೆಟ್ಟ ಆಯ್ಕೆ ಮಾಡಬಲ್ಲದು. ರಾಸ್ಪ್‌ಬೆರಿ ಪೈ ಬೋರ್ಡಿನ ಒಳಗಿನ ವೈ-ಫೈ ಚಿಪ್ ಹೆಚ್ಚಿನ ಕೆಲಸವನ್ನು ತನ್ನ ಫರ್ಮ್‌ವೇರ್‌ನೊಳಗೇ ಮುಗಿಸುವ ಬಗೆಯದು, ಮೆಶ್ ಮೋಡ್ ಕೂಡ ಅದರಲ್ಲಿಲ್ಲ. ಈ ಕೆಲಸಕ್ಕೆ ಅದನ್ನು ನೆಚ್ಚಬಾರದು. ವೇಗದ ನಿಯಂತ್ರಣವನ್ನು ಲಿನಕ್ಸ್ ಕರ್ನಲ್‌ನ ಮಿನ್‌ಸ್ಟ್ರೆಲ್ ಎಂಬ ವೇಗ ಆರಿಸುವ ಭಾಗಕ್ಕೆ ಬಿಡುವ ಅಥೆರೋಸ್‌ನ ಹಳೆಯ ಚಿಪ್‌ಗಳು, ಅಂದರೆ ಎಟಿಎಚ್9ಕೆ ಡ್ರೈವರ್‌ನವು, ಇಂದಿಗೂ ಇಲ್ಲಿ ಅತ್ಯಂತ ವಿಶ್ವಾಸಾರ್ಹ. ಚಿಪ್ ಹಳೆಯದೆಂದು ಮೂಗು ಮುರಿಯುವ ಅಗತ್ಯವಿಲ್ಲ. ಟೆಲಿಮೆಟ್ರಿಗೂ ಸಾಧಾರಣ ವಿಡಿಯೋಗೂ ಅದು ಧಾರಾಳವಾಗಿ ಸಾಕು.

ಈಗ, ಈ ವಿಮರ್ಶೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದ ಮಾತು. ದಾರಿ ಬದಲಿಸಲು ಬೇಕಾಗುವ ಆ ಕೆಲವು ಸೆಕೆಂಡುಗಳು ವಿಡಿಯೋಗೆ ಒಂದು ತಡೆ, ಅಷ್ಟೇ. ಫ್ಲೈಟ್ ಕಂಟ್ರೋಲರ್‌ಗೆ ಅವು ಆಜ್ಞೆಯಾಗಿ ಪರಿಣಮಿಸಬಹುದು. ಆರ್ಡುಪೈಲಟ್‌ನಲ್ಲಿ ಗ್ರೌಂಡ್ ಸ್ಟೇಷನ್ ಫೇಲ್‌ಸೇಫ್ (ನೆಲದ ಸಂಪರ್ಕ ತಪ್ಪಿದಾಗಿನ ರಕ್ಷಣಾ ಕ್ರಮ) ಆನ್ ಮಾಡಿದ್ದರೆ, ಅದರ ಪೂರ್ವನಿಯೋಜಿತ ಅವಧಿ 5 ಸೆಕೆಂಡು. ಅಷ್ಟು ಹೊತ್ತು ನೆಲದಿಂದ ನಿಯತವಾಗಿ ಬರುವ ಹಾರ್ಟ್‌ಬೀಟ್ ಸಂದೇಶ ಕೇಳಿಸದಿದ್ದರೆ ಡ್ರೋನ್ ಮನೆಗೆ ಮರಳಲು ಹೊರಡುವಂತೆ ಹೆಚ್ಚಿನವರು ಹೊಂದಿಸಿರುತ್ತಾರೆ. ನೆಲ, ಅದರಿಂದ ಮೊದಲ ರಿಲೇ, ಅದರಾಚೆ ಎರಡನೆಯದು, ಕೊನೆಗೆ ಕ್ಯಾಮೆರಾ ಹೊತ್ತ ಮೂರನೆಯದು ಎಂಬ ಸರಪಳಿಯನ್ನು ಕಲ್ಪಿಸಿಕೊಳ್ಳಿ. ಮೊದಲ ರಿಲೇ ಗಾಳಿಗೆ ವಾಲಿ ಅದರ ಆಂಟೆನಾ ಒಮ್ಮೆ ಮರೆಯಾಯಿತು. ಜಾಲ ಇನ್ನೊಂದು ದಾರಿ ಹುಡುಕುವಷ್ಟರಲ್ಲಿ 5 ಸೆಕೆಂಡು ಕಳೆಯಿತು. ಎರಡನೆಯದೂ ಮೂರನೆಯದೂ ಒಟ್ಟಿಗೆ ಮನೆಯ ಕಡೆ ತಿರುಗಿದವು. ಆರ್ಡುಪೈಲಟ್ ಕಾಪ್ಟರ್‌ನಲ್ಲಿ ಮರಳುವ ಎತ್ತರ ಪೂರ್ವನಿಯೋಜಿತವಾಗಿ 15 ಮೀಟರ್ ಆಗಿರುವುದರಿಂದ, ಅದನ್ನು ಬದಲಿಸದೆ ಬಿಟ್ಟು, ಎರಡೂ ಅದಕ್ಕಿಂತ ಕೆಳಗೆ ಹಾರುತ್ತಿದ್ದರೆ ಎರಡೂ ಒಂದೇ ಎತ್ತರಕ್ಕೇರಿ ಒಂದೇ ಜಾಗಕ್ಕೆ ಬರುತ್ತವೆ. ಜಾಲದ ಒಂದು ಚಿಕ್ಕ ತೊದಲುವಿಕೆ ಜಾಲದ ಆಕಾರವನ್ನೇ ಕೆಡವಿಹಾಕುತ್ತದೆ: ಬಿಟ್ಟುಹೋದ ರಿಲೇ ಇನ್ನು ರಿಲೇ ಅಲ್ಲ, ಅದರ ಆಸರೆಯಲ್ಲಿದ್ದ ಉಳಿದವೂ ಈಗ ನಿಜವಾಗಿಯೇ ಸಂಪರ್ಕ ಕಳೆದುಕೊಂಡವು.

ಇದನ್ನು ಬ್ಯಾಟ್‌ಮ್ಯಾನ್‌ನ ದೋಷವೆನ್ನುವುದು ನ್ಯಾಯವಲ್ಲ. ಅದಕ್ಕೆ ಫೇಲ್‌ಸೇಫ್ ಎಂಬುದೊಂದಿದೆ ಎಂದೇ ತಿಳಿದಿಲ್ಲ. ಆದರೆ ಡ್ರೋನ್‌ಗೆ ಇದನ್ನು ಅಳವಡಿಸುವವರು ಎರಡೂ ಗಡಿಯಾರಗಳನ್ನು ಒಟ್ಟಿಗೆ ಹೊಂದಿಸಲೇಬೇಕು: ಜಾಲ ದಾರಿ ಬದಲಿಸಲು ತೆಗೆದುಕೊಳ್ಳುವ ಸಮಯವನ್ನು ನೆಲದ ಮೇಲೆ ಅಳೆದು, ಫೇಲ್‌ಸೇಫ್ ಅವಧಿಯನ್ನು ಅದಕ್ಕಿಂತ ಸಾಕಷ್ಟು ದೊಡ್ಡದಾಗಿಸಿ, ಪ್ರತಿ ಡ್ರೋನ್‌ಗೂ ಮರಳುವ ಎತ್ತರವನ್ನು ಬೇರೆ ಬೇರೆಯಾಗಿ ಕೊಡಬೇಕು. ರಿಲೇ ಡ್ರೋನ್ ಕೆಲಹೊತ್ತು ಇದ್ದಲ್ಲೇ ತೇಲಿ ಕಾದು, ಆಮೇಲೆ ಮರಳುವಂತೆ ಮಾಡಿದರೆ ಇನ್ನೂ ಕ್ಷೇಮ. ಪೈಲಟ್‌ನ ಕೈಯಲ್ಲಿರುವ ರೇಡಿಯೋ ಕಂಟ್ರೋಲ್ ಕೊಂಡಿಯನ್ನು ಮಾತ್ರ ಎಂದಿಗೂ ಈ ಜಾಲದ ಮೇಲೆ ಹಾಕಬಾರದು; ಅದು ಬೇರೆಯೇ ರೇಡಿಯೋದಲ್ಲಿರಬೇಕು.

ಹೀಗಾಗಿ ಡ್ರೋನ್ ಜಾಲದ ಟೋಪಾಲಜಿಯನ್ನು, ಅಂದರೆ ಅದರ ಆಕಾರವನ್ನು, ನಿಭಾಯಿಸುವ ಕೆಲಸದಲ್ಲಿ ಪ್ರೊಟೋಕಾಲ್‌ನ ಪಾಲು ಅರ್ಧ ಮಾತ್ರ; ಯಾವ ಡ್ರೋನ್ ಎಲ್ಲಿ ನಿಲ್ಲಬೇಕು ಎಂಬ ನಿರ್ಧಾರದ್ದು ಉಳಿದರ್ಧ. ಆ ನಿರ್ಧಾರಕ್ಕೆ ನಕಾಶೆ ಬೇಕು, ಬ್ಯಾಟ್‌ಮ್ಯಾನ್ ಬೇಡವೆಂದು ಕೈಬಿಟ್ಟದ್ದೂ ಅದನ್ನೇ. ಸಂತೋಷದ ವಿಷಯವೆಂದರೆ ಅದೇ ಬಳಗದ ಆಲ್‌ಫ್ರೆಡ್ ಎಂಬ ಜೊತೆ ತಂತ್ರಾಂಶ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಪ್ರತಿ ನೋಡ್ ತನ್ನ ನೆರೆಯವರ ಪಟ್ಟಿಯನ್ನು ಆಲ್‌ಫ್ರೆಡ್ ಮೂಲಕ ಹಂಚಿಕೊಳ್ಳುತ್ತದೆ, ಅದರೊಡನೆ ಬರುವ ಚಿತ್ರಣ ಸಾಧನ ಅವೆಲ್ಲವನ್ನೂ ಕೂಡಿಸಿ ಇಡೀ ಜಾಲದ ರೇಖಾಚಿತ್ರ ಕೊಡುತ್ತದೆ. ಜಿಪಿಎಸ್ ಸ್ಥಾನವನ್ನು ಹಂಚುವ ಸಹಾಯಕ ಸಾಧನವೂ ಇದೆ. ಈ ಎರಡನ್ನೂ ಸೇರಿಸಿ ಒಂದು ಸಣ್ಣ ಪ್ರೋಗ್ರಾಂ ಬರೆದರೆ, ಯಾವ ಡ್ರೋನ್ ಇಲ್ಲವಾದರೆ ಜಾಲ ಎರಡು ಹೋಳಾಗುತ್ತದೆ ಎಂಬುದನ್ನು ನೆಲದಲ್ಲಿರುವ ಆಪರೇಟರ್‌ಗೆ ಕೆಂಪು ಬಣ್ಣದಲ್ಲಿ ತೋರಿಸಬಹುದು. ಬ್ಯಾಟರಿ ಬದಲಿಸಲು ಯಾವುದನ್ನು ಯಾವಾಗ ಇಳಿಸಬೇಕೆಂಬ ಪ್ರಶ್ನೆ ಬಂದಾಗ ಈ ಒಂದು ಮಾಹಿತಿ ಉಳಿದೆಲ್ಲ ಗುಣಾಂಕಗಳಿಗಿಂತ ಹೆಚ್ಚು ಬೆಲೆಬಾಳುತ್ತದೆ. ಮೂಲ ಹೊಂದಾಣಿಕೆಯಲ್ಲಿ ಆಲ್‌ಫ್ರೆಡ್ ಮಾಹಿತಿ ಹಂಚಿಕೊಳ್ಳುವುದು 10 ಸೆಕೆಂಡಿಗೊಮ್ಮೆ ಆದ್ದರಿಂದ, ಹಾರಾಟಕ್ಕೆ ಆ ಅವಧಿಯನ್ನೂ ಇಳಿಸಿಕೊಳ್ಳಬೇಕು.

ಸ್ಥಾನದ ಮಾಹಿತಿಯನ್ನು ದಾರಿಯ ಆಯ್ಕೆಯಲ್ಲೇ ಬಳಸುವುದು ಇದಕ್ಕಿಂತ ಮುಂದಿನ ಹೆಜ್ಜೆ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಇಪಿಎಫ್‌ಎಲ್ ಸಂಸ್ಥೆಯ ಸಂಶೋಧಕರು ಒಎಲ್‌ಎಸ್‌ಆರ್ ಪದ್ಧತಿಗೆ ಜಿಪಿಎಸ್ ಸೇರಿಸಿ, ಎರಡು ಡ್ರೋನ್‌ಗಳು ಒಂದನ್ನೊಂದು ಸಮೀಪಿಸುತ್ತಿವೆಯೋ ದೂರವಾಗುತ್ತಿವೆಯೋ ಎಂಬುದನ್ನು ಕೊಂಡಿಯ ಅಂಕಕ್ಕೆ ಕೂಡಿಸುವ ವಿಧಾನವನ್ನು ಸ್ಥಿರ ರೆಕ್ಕೆಯ ನಿಜವಾದ ಡ್ರೋನ್‌ಗಳಲ್ಲಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ದೂರವಾಗುತ್ತಿರುವ ಕೊಂಡಿ ಕಡಿದುಹೋಗುವ ಮೊದಲೇ ಅಲ್ಲಿ ದಾರಿ ಬದಲಾಗುತ್ತದೆ. ಬ್ಯಾಟ್‌ಮ್ಯಾನ್‌ನ ಅಧಿಕೃತ ಆವೃತ್ತಿಯಲ್ಲಿ ಇಂಥ ಮುನ್ನೋಟವಿಲ್ಲ. ವೇಗವಾಗಿ ಹಾರುವ ಗುಂಪಿಗೆ ಇದನ್ನು ನಾನು ಸೂಚಿಸದಿರಲು ಮುಖ್ಯ ಕಾರಣವೇ ಇದು.

ಇತರ ಪರ್ಯಾಯಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ವೈ-ಫೈ ಮಾನಕದೊಳಗೇ ಇರುವ 802.11ಎಸ್ ಮೆಶ್ ಹೊಂದಿಸಲು ಇದಕ್ಕಿಂತ ಸುಲಭ; ಆದರೆ ಎರಡು ಬೇರೆ ರೇಡಿಯೋಗಳನ್ನು ಒಂದೇ ಜಾಲವಾಗಿ ಹೆಣೆಯುವುದು ಬ್ಯಾಟ್‌ಮ್ಯಾನ್‌ನಲ್ಲಿ ಸಹಜವಾಗಿ ಆಗುವಂತೆ ಅಲ್ಲಿ ಆಗುವುದಿಲ್ಲ. 2021ರಲ್ಲಿ ಮಾನಕರೂಪ ಪಡೆದ ಬೇಬಲ್ ಐಪಿ ಮಟ್ಟದಲ್ಲಿ ಕೆಲಸ ಮಾಡುತ್ತದೆ, ಪ್ಯಾಕೆಟ್ ಸುತ್ತು ಹೊಡೆಯದಂತೆ ತಡೆಯುವ ಅದರ ನಿಯಮ ತುಂಬಾ ಗಟ್ಟಿ. ವಿಳಾಸಗಳ ಯೋಜನೆಯನ್ನು ತಾವೇ ಮಾಡಿಕೊಳ್ಳಬಲ್ಲವರು ಅದನ್ನು ಖಂಡಿತ ನೋಡಬೇಕು. ಸೈನ್ಯ ಮತ್ತು ದೊಡ್ಡ ಸಂಸ್ಥೆಗಳು ಕೊಳ್ಳುವ ಮೆಶ್ ರೇಡಿಯೋಗಳು ತಮ್ಮದೇ ತರಂಗರೂಪದೊಡನೆ ಬರುತ್ತವೆ, ಅವುಗಳ ಬೆಲೆ ಕಾಲೇಜಿನ ಪ್ರಯೋಗಾಲಯಕ್ಕೋ ಸಣ್ಣ ಸರ್ವೆ ತಂಡಕ್ಕೋ ನಿಲುಕುವಂಥದ್ದಲ್ಲ.

ಭದ್ರತೆಯ ವಿಷಯದಲ್ಲಿ ಭ್ರಮೆ ಬೇಡ. ಬ್ಯಾಟ್‌ಮ್ಯಾನ್‌ನಲ್ಲಿ ಗೂಢಲಿಪೀಕರಣವೂ ಇಲ್ಲ, ಸಂದೇಶ ಕಳುಹಿಸಿದವನು ನಿಜವಾದವನೇ ಎಂಬ ಪರೀಕ್ಷೆಯೂ ಇಲ್ಲ. ಒಳಗೆ ಬಂದ ಯಾವುದೇ ಸಾಧನ ಸುಳ್ಳು ಸಂದೇಶ ಹೊರಡಿಸಿ ಎಲ್ಲರ ಪ್ಯಾಕೆಟ್‌ಗಳನ್ನೂ ತನ್ನತ್ತ ಸೆಳೆಯಬಲ್ಲದು. ಕೆಳಗೆ 802.11ಎಸ್ ಮೆಶ್ಶನ್ನು ಪಾಸ್‌ವರ್ಡ್ ಆಧಾರಿತ ಎಸ್‌ಎಇ ಭದ್ರತೆಯೊಡನೆ ಕಟ್ಟಿ, ಅದರ ಸ್ವಂತ ದಾರಿ ಹುಡುಕಾಟವನ್ನು ಆಫ್ ಮಾಡಿ, ಅದರ ಮೇಲೆ ಬ್ಯಾಟ್‌ಮ್ಯಾನ್ ಓಡಿಸುವುದು ಸರಿಯಾದ ವಿಧಾನ. ಮ್ಯಾವ್‌ಲಿಂಕ್ 2ರಲ್ಲಿರುವ ಸಂದೇಶ ಸಹಿಯನ್ನೂ ಬಳಸಬೇಕು. ಪ್ರತಿ ಸಂದೇಶಕ್ಕೆ 13 ಬೈಟ್ ಹೆಚ್ಚುತ್ತದೆ, ಅದಕ್ಕೆ ಚೌಕಾಶಿ ಮಾಡಬಾರದು.

ನಮ್ಮಲ್ಲಿ ಇದನ್ನು ಹಾರಿಸುವವರಿಗೆ ರೇಡಿಯೋದ ಕೆಲವು ಮಾತುಗಳು ಅಗತ್ಯ. ಅಡೆತಡೆಯಿಲ್ಲದ 1 ಕಿಲೋಮೀಟರ್ ದೂರಕ್ಕೆ 2.4 ಗಿಗಾಹರ್ಟ್ಸ್ ತರಂಗ ಸುಮಾರು 100 ಡೆಸಿಬೆಲ್ ಕುಗ್ಗುತ್ತದೆ, 5.8 ಗಿಗಾಹರ್ಟ್ಸ್ ತರಂಗ ಸುಮಾರು 108 ಡೆಸಿಬೆಲ್. ಅದೇ ದೂರದ ನಡುಮಧ್ಯದಲ್ಲಿ 2.4 ಗಿಗಾಹರ್ಟ್ಸ್‌ಗೆ ಸುಮಾರು ಐದೂವರೆ ಮೀಟರ್ ತ್ರಿಜ್ಯದ ಜಾಗ ಖಾಲಿಯಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಮಳೆಹನಿ ಈ ತರಂಗಗಳನ್ನು ಹೆಚ್ಚು ತಡೆಯುವುದಿಲ್ಲ, ಆದರೆ ನಡುವೆ ಬರುವ ನೆನೆದ ಮರಗಳ ಎಲೆ ಬಹಳ ತಡೆಯುತ್ತದೆ. ರಿಲೇಯನ್ನು ಮರಗಳ ತುದಿಗಿಂತ ಸಾಕಷ್ಟು ಮೇಲೆ ನಿಲ್ಲಿಸುವುದು, ಹಾಗೂ ನೆಲದ ಕೇಂದ್ರದ ನೇರ ನೆತ್ತಿಯ ಮೇಲೆ ನಿಲ್ಲಿಸದಿರುವುದು, ಎರಡೂ ಮುಖ್ಯ. ನೆಟ್ಟಗೆ ನಿಂತ ಸಾಮಾನ್ಯ ಆಂಟೆನಾ ತನ್ನ ತುದಿಯ ದಿಕ್ಕಿನಲ್ಲಿ ಬಹುತೇಕ ಕಿವುಡು. ಭಾರತದಲ್ಲಿ 5150ರಿಂದ 5875 ಮೆಗಾಹರ್ಟ್ಸ್ ವ್ಯಾಪ್ತಿಯ ಹೆಚ್ಚಿನ ಭಾಗವನ್ನು 2018ರಲ್ಲಿ ಪರವಾನಗಿಮುಕ್ತಗೊಳಿಸಿದ್ದರಿಂದ ಎರಡನೆಯ ರೇಡಿಯೋವನ್ನು ಅಲ್ಲಿ ಇಡಲು ಅವಕಾಶವಿದೆ. ಎರಡು ರೇಡಿಯೋ ಇರುವ ರಿಲೇ ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ಮುಂದೆ ಕಳುಹಿಸಿದರೆ ವೇಗ ಅರ್ಧವಾಗುವುದಿಲ್ಲ. ಹಾಗೆ ಇಂಟರ್‌ಫೇಸ್ ಬದಲಿಸಿ ಕಳುಹಿಸುವುದನ್ನು ಬ್ಯಾಟ್‌ಮ್ಯಾನ್ ತಾನಾಗಿಯೇ ಮಾಡುತ್ತದೆ. ತೂಕಕ್ಕೆ ಜಾಗವಿದ್ದರೆ ಈ ಎರಡನೆಯ ರೇಡಿಯೋದಷ್ಟು ಫಲ ಕೊಡುವ ಖರ್ಚು ಬೇರೊಂದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ 915 ಮೆಗಾಹರ್ಟ್ಸ್ ಟೆಲಿಮೆಟ್ರಿ ರೇಡಿಯೋಗಳನ್ನು ಬದಲಿ ಕೊಂಡಿಯಾಗಿ ಕೊಳ್ಳಬೇಡಿ. ಆ ವ್ಯಾಪ್ತಿ ಇಲ್ಲಿ ಮುಕ್ತವಲ್ಲ, ಪರವಾನಗಿ ಬೇಡದ್ದು 865 ಮೆಗಾಹರ್ಟ್ಸ್‌ನಿಂದ ಮೇಲಿನ ಕಿರಿದಾದ ಪಟ್ಟಿ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಲು ಅವಕಾಶವಿದ್ದರೂ, ಕಣ್ಣಳತೆ ಮೀರಿ ಹಾರಿಸಲು ಪ್ರತ್ಯೇಕ ಅನುಮತಿ ಬೇಕು. ಗೌರಿಬಿದನೂರಿನಲ್ಲಿ 2021ರಲ್ಲಿ ಔಷಧ ಸಾಗಿಸುವ ಡ್ರೋನ್‌ಗಳನ್ನು ಪರೀಕ್ಷಿಸಿದ್ದೂ ಅಂಥ ಅನುಮತಿಯಡಿಯಲ್ಲೇ. ರಿಲೇ ಜಾಲ ದೂರವನ್ನು ಸಾಧ್ಯವಾಗಿಸುತ್ತದೆ, ಅನುಮತಿಯನ್ನಲ್ಲ.

ಕೊಳ್ಳುವ ಮೊದಲೇ ಪರೀಕ್ಷಿಸಬಹುದಾದ ಅಪರೂಪದ ವಸ್ತು ಇದು ಎಂಬುದನ್ನು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳಬೇಕು. ಲಿನಕ್ಸ್ ಕರ್ನಲ್‌ನಲ್ಲೇ ಇರುವ ಕೃತಕ ವೈ-ಫೈ ಮಾಡ್ಯೂಲ್ ಒಂದೇ ಲ್ಯಾಪ್‌ಟಾಪಿನಲ್ಲಿ ಹಲವು ಹುಸಿ ರೇಡಿಯೋಗಳನ್ನು ಸೃಷ್ಟಿಸುತ್ತದೆ. ಡಬ್ಲ್ಯುಮೀಡಿಯಂಡಿ ಎಂಬ ಪುಟ್ಟ ಪ್ರೋಗ್ರಾಂ ಆ ರೇಡಿಯೋಗಳ ನಡುವಿನ ಪ್ರತಿ ಕೊಂಡಿಯ ಬಲವನ್ನು ನಾವು ಹೇಳಿದಂತೆ ತಗ್ಗಿಸುತ್ತದೆ, ಏರಿಸುತ್ತದೆ. ಅದರ ಮೇಲೆ ಓಡುವುದು ಬ್ಯಾಟ್‌ಮ್ಯಾನ್‌ನ ಅಣಕು ಮಾದರಿಯಲ್ಲ, ಡ್ರೋನ್‌ನಲ್ಲಿ ಹಾರುವ ಅದೇ ಕೋಡ್. ಆರ್ಡುಪೈಲಟ್‌ನ ಸಿಮ್ಯುಲೇಟರ್ ಅನ್ನೂ ಇದಕ್ಕೆ ಜೋಡಿಸಿದರೆ ಮೇಲೆ ವಿವರಿಸಿದ ಫೇಲ್‌ಸೇಫ್ ಸರಣಿಯನ್ನು ಒಂದೇ ಒಂದು ಪ್ರೊಪೆಲ್ಲರ್ ತಿರುಗಿಸದೆ ಮೇಜಿನ ಮೇಲೆಯೇ ನೋಡಬಹುದು. ಮೊದಲ ರಿಲೇಯ ಕೊಂಡಿಯನ್ನು ಕತ್ತರಿಸಿ, ಕೊನೆಯ ಡ್ರೋನ್‌ಗೆ ಹಾರ್ಟ್‌ಬೀಟ್ ಮತ್ತೆ ತಲುಪಲು ಹಿಡಿಯುವ ಸಮಯವನ್ನು ಅಳೆದು, ಸಂದೇಶದ ಅಂತರ ಬದಲಿಸಿ ಮತ್ತೆ ಅಳೆದು, ಆ ಅಂಕಿಯನ್ನು ಫೇಲ್‌ಸೇಫ್ ಅವಧಿಯ ಪಕ್ಕದಲ್ಲಿಟ್ಟು ನೋಡಿದ ಮೇಲಷ್ಟೇ ಹೊಲಕ್ಕೋ ಬೆಟ್ಟಕ್ಕೋ ಡ್ರೋನ್ ಒಯ್ಯುವುದು ಒಳಿತು.